ಮೂಕರ್ಜಿಯ ಹಳೇ ಕಡತ

ಟಪಾಲು ಶಾಖೆಯಲ್ಲಿ ನಾಲ್ಕು ದಿನ ಕೂತವರು ಯಾರೇ ಆಗಲಿ, ಮೂಕರ್ಜಿಯನ್ನು, ಅಂದರೆ ಹೆಸರಿಲ್ಲದೆ ಬರುವ ದೂರನ್ನು, ಲಕೋಟೆ ಒಡೆಯುವ ಮೊದಲೇ ಗುರುತು ಹಿಡಿಯುತ್ತಾರೆ. ವಿಳಾಸದ ಅಕ್ಷರಗಳು ಒಂದನೇ ಕ್ಲಾಸಿನ ಮಗು ತಿದ್ದಿದ ಹಾಗೆ ದಪ್ಪಗೆ, ಬಿಡಿಬಿಡಿಯಾಗಿ ಇರುತ್ತವೆ. ಬರೆದವರು ಎಡಗೈಯಲ್ಲಿ ಬರೆದಿರುತ್ತಾರೆ, ಇಲ್ಲವೇ ಎಡಗೈ ಬರಹದ ಹಾಗೆ ಕಾಣಲಿ ಎಂದು ಬಲಗೈಯನ್ನು ಗೋಳು ಹೊಯ್ದುಕೊಂಡಿರುತ್ತಾರೆ. 'ಇಂದ' ಎಂಬಲ್ಲಿ ಏನೂ ಇರುವುದಿಲ್ಲ. ಅಂಚೆ ಮೊಹರು ಪಕ್ಕದ ತಾಲ್ಲೂಕಿನದು. ಸ್ವಂತ ಊರಿನ ಡಬ್ಬಕ್ಕೆ ಹಾಕಲು ಅಳುಕಿ, ಸಂತೆಗೆ ಹೋದಾಗ ಅಲ್ಲಿ ಹಾಕಿ ಬಂದಿರುತ್ತಾರೆ. ಒಳಗೆ ನೋಟ್‌ಬುಕ್ಕಿನ ನಡುವಿನಿಂದ ಪಿನ್ನು ಬಿಡಿಸಿ ತೆಗೆದ ಜೋಡಿ ಹಾಳೆ. ಕೊನೆಗೆ 'ಇಂತಿ ನೊಂದ ನಾಗರಿಕ', 'ಇಂತಿ ಸಮಸ್ತ ಗ್ರಾಮಸ್ಥರು', ಒಮ್ಮೊಮ್ಮೆ 'ಇಂತಿ ತಮ್ಮ ಹಿತೈಷಿ'. ಅದರ ಕೆಳಗೆ ಪ್ರತಿಗಳ ಪಟ್ಟಿ: ಮಾನ್ಯ ಮುಖ್ಯಮಂತ್ರಿಗಳು, ಘನತೆವೆತ್ತ ರಾಜ್ಯಪಾಲರು, ಕೆಲವರಿಗೆ ರಾಷ್ಟ್ರಪತಿಗಳೂ ಬೇಕು. ಯಾವುದೋ ಹಳ್ಳಿಯ ಮೇಷ್ಟ್ರು ಹನ್ನೊಂದು ಗಂಟೆಗೆ ಶಾಲೆಗೆ ಬರುತ್ತಾರೆಂಬ ಸುದ್ದಿ ದೆಹಲಿಗೂ ಮುಟ್ಟಲಿ ಎಂಬ ಆಸೆ.

ನಾನು ಎಂಬತ್ತರ ದಶಕದಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿದ್ದು ಇಂಥ ಕಾಗದಗಳು ದಂಡಿಯಾಗಿ ಬರುತ್ತಿದ್ದ ಒಂದು ಜಿಲ್ಲಾ ಕಚೇರಿಗೆ. ಆವಕ ವಹಿಯಲ್ಲಿ ನಂಬರು ಹಾಕಿ, ಮೊಹರು ಒತ್ತಿ, ಸಂಬಂಧಪಟ್ಟ ಶಾಖೆಗೆ ಕೊಡುವುದು ನನ್ನ ಕೆಲಸ. ನಿವೃತ್ತಿಯ ಮೇಲೆ, ಈ ಮೂಕರ್ಜಿಗೂ ಒಂದು ವಂಶಾವಳಿ ಇರಬೇಕಲ್ಲ ಎಂಬ ಕುತೂಹಲ ಹತ್ತಿ ಹುಡುಕುತ್ತಾ ಹೋದೆ. ಹೋಗಿ ಹೋಗಿ ರೋಮಿನ ಚಕ್ರವರ್ತಿಯ ಕಚೇರಿ ಮುಟ್ಟಿದೆ.

ಸುಮಾರು ಕ್ರಿ.ಶ. 112ರ ಮಾತು. ಈಗಿನ ಟರ್ಕಿಯ ಉತ್ತರ ಭಾಗದ ಬಿಥಿನಿಯಾ ಪ್ರಾಂತ್ಯಕ್ಕೆ ಪ್ಲಿನಿ ಎಂಬುವನು ಅಧಿಕಾರಿ. ಅವನ ಕೈಗೆ ಸಹಿಯಿಲ್ಲದ ಒಂದು ಪಟ್ಟಿ ಬಂತು, ಇಂತಿಂಥವರು ಕ್ರೈಸ್ತರು ಎಂದು ಹೆಸರುಗಳ ಸಮೇತ. ಆಗ ಅದು ಪ್ರಾಣಕ್ಕೆ ಎರವಾಗುವ ಆರೋಪ. ಪ್ಲಿನಿ ಆ ಪಟ್ಟಿ ಹಿಡಿದು ಜನರನ್ನು ಕರೆಸಿ ವಿಚಾರಣೆಯನ್ನೂ ನಡೆಸಿಬಿಟ್ಟ. ಆಮೇಲೆ, ಎಲ್ಲ ಅಧಿಕಾರಿಗಳ ಹಾಗೆ, ಮಾಡಿದ ಮೇಲೆ ಮೇಲಿನವರಿಗೆ ಸ್ಪಷ್ಟೀಕರಣ ಕೋರಿ ಬರೆದ. ಚಕ್ರವರ್ತಿ ಟ್ರಾಜನ್ನನ ಉತ್ತರ ನಾಲ್ಕೇ ಸಾಲಿನದು. ನೀನು ನಡೆಸಿದ ಕ್ರಮ ಸರಿ, ಆದರೆ ಹೆಸರಿಲ್ಲದೆ ಬಂದ ಕಾಗದಕ್ಕೆ ಯಾವ ಮೊಕದ್ದಮೆಯಲ್ಲೂ ಜಾಗವಿಲ್ಲ, ಅದು ಕೆಟ್ಟ ಮೇಲ್ಪಂಕ್ತಿ, ನಮ್ಮ ಕಾಲಕ್ಕೆ ಒಪ್ಪುವುದಲ್ಲ ಎಂಬುದು ಅದರ ಸಾರ. ನನಗೆ ಗೊತ್ತಿರುವ ಮಟ್ಟಿಗೆ ಮೂಕರ್ಜಿಯ ಮೇಲೆ ಹೊರಟ ಹಳೆಯ ಸುತ್ತೋಲೆಗಳಲ್ಲಿ ಇದೊಂದು. ದೇಶ ಆಳುವವನೊಬ್ಬ ಇಷ್ಟು ಚಿಕ್ಕದಾಗಿ ಬರೆದದ್ದೂ ಮೆಚ್ಚತಕ್ಕದ್ದೇ.

ಚೀನಾದವರು ಇನ್ನೂ ಕಟ್ಟುನಿಟ್ಟು. 653ರ ತಾಂಗ್ ರಾಜವಂಶದ ಕಾನೂನು ಸಂಹಿತೆಯ ಪ್ರಕಾರ, ಹೆಸರು ಮುಚ್ಚಿಟ್ಟು ಇನ್ನೊಬ್ಬನ ಮೇಲೆ ದೂರು ಎಸೆದವನಿಗೆ ಎರಡು ಸಾವಿರ 'ಲಿ' ದೂರಕ್ಕೆ ಗಡೀಪಾರು. ಅಂಥ ಕಾಗದ ಸಿಕ್ಕವನು ಆ ಕೂಡಲೇ ಸುಡಬೇಕು. ಸುಡದೆ ಅಧಿಕಾರಿಗೆ ಒಪ್ಪಿಸಿದರೆ ಒಪ್ಪಿಸಿದವನಿಗೇ ಒಂದು ವರ್ಷ ಸಜೆ. ಅದನ್ನು ತೆಗೆದುಕೊಂಡು ವಿಚಾರಣೆಗೆ ಕೂತ ಅಧಿಕಾರಿಗೆ ಅದಕ್ಕಿಂತ ಹೆಚ್ಚು. ಆರೋಪಕ್ಕೆ ಒಳಗಾದವನಿಗೆ ಏನೂ ಇಲ್ಲ. ಈ ಕಾನೂನು ಓದಿದಾಗ, ನಮ್ಮ ಟಪಾಲು ಶಾಖೆಯವರೆಲ್ಲ ಅಲ್ಲಿದ್ದಿದ್ದರೆ ಜೀವಮಾನವಿಡೀ ಜೈಲೇ ಗತಿ ಅನ್ನಿಸಿತು.

ಆದರೆ ಅದೇ ತಾಂಗ್ ಆಸ್ಥಾನದಲ್ಲಿ ಮೂವತ್ತಮೂರು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. 686ರಲ್ಲಿ ಅಧಿಕಾರ ಹಿಡಿದಿದ್ದ ವೂ ಝೆತಿಯನ್ ಒಂದು ಕಂಚಿನ ಪೆಟ್ಟಿಗೆ ಮಾಡಿಸಿ ಇಡಿಸಿದಳು. ನಾಲ್ಕು ಬಾಯಿ, ನಾಲ್ಕು ಖಾನೆ, ಒಳಗೆ ಬಿದ್ದದ್ದು ಹೊರಗಿನಿಂದ ಕೈಗೆ ಸಿಗುವಂತಿಲ್ಲ. ಪೆಟ್ಟಿಗೆಯ ಉಪಾಯ ಹೇಳಿಕೊಟ್ಟವನು ಯೂ ಬಾವೋಜಿಯಾ ಎಂಬುವನು. ಸ್ವಲ್ಪ ದಿನಕ್ಕೆ ಅವನ ಹಗೆಗಳು ಅದೇ ಪೆಟ್ಟಿಗೆಗೆ ಒಂದು ಕಾಗದ ಹಾಕಿದರು, ಇವನು ಹಿಂದೆ ದಂಗೆಕೋರರಿಗೆ ಆಯುಧ ಮಾಡಿಕೊಟ್ಟವನು ಎಂದು. ಅವನ ತಲೆ ಹೋಯಿತು. ನಮ್ಮ ಕಚೇರಿಯಲ್ಲೂ ಸಲಹಾ ಪೆಟ್ಟಿಗೆ ಇಡಬೇಕೆಂದು ಉತ್ಸಾಹದಿಂದ ಎದ್ದು ನಿಂತವರ ಮೇಲೆ ಮೊದಲ ಚೀಟಿ ಬಿದ್ದದ್ದನ್ನು ನಾನು ಕಂಡಿದ್ದೇನೆ. ಪುಣ್ಯಕ್ಕೆ ಅಲ್ಲಿ ತಲೆ ಹೋಗಲಿಲ್ಲ.

ನನಗೆ ಎಲ್ಲರಿಗಿಂತ ಹಿಡಿಸಿದವನು ಜಪಾನಿನ ಎಂಟನೇ ತೊಕುಗಾವಾ ಶೋಗುನ್ ಯೊಶಿಮುನೆ. 1721ರಲ್ಲಿ ಎದೋ ನಗರದ, ಅಂದರೆ ಇಂದಿನ ಟೋಕಿಯೊದ, ನ್ಯಾಯಸಭೆಯ ಎದುರು ದೂರಿನ ಪೆಟ್ಟಿಗೆ ಇಡಿಸಿದ. ತಿಂಗಳಿಗೆ ಮೂರು ದಿನ ಅದು ಹೊರಗೆ ಬರುತ್ತಿತ್ತು. ಬೀಗ ತೆಗೆಯುವವನು ಸ್ವತಃ ಶೋಗುನ್. ನಡುವೆ ಗುಮಾಸ್ತ ಇಲ್ಲ, ಶಾಖಾಧಿಕಾರಿ ಇಲ್ಲ. ಒಂದೇ ಷರತ್ತು: ಹೆಸರು, ವಿಳಾಸ ಇರಬೇಕು, ಇಲ್ಲದ್ದನ್ನು ಸುಟ್ಟುಹಾಕುವುದು. ಹೀಗೆ ಹೆಸರು ಹಾಕಿ ಬರೆದವರಲ್ಲಿ ಒಗಾವಾ ಶೋಸೆನ್ ಎಂಬ ಊರ ವೈದ್ಯನಿದ್ದ. ಬಡವರಿಗೆ ಪುಕ್ಕಟೆ ಔಷಧಾಲಯ ಬೇಕೆಂದು ಅವನು ಕೇಳಿದ, 1722ರಲ್ಲಿ ಕೊಯಿಶಿಕಾವಾದಲ್ಲಿ ಅದು ಶುರುವಾಯಿತು. ಯಮಾಶಿತಾ ಕೊನಾಯ್ ಎಂಬ ಒಡೆಯನಿಲ್ಲದ ಸಮುರಾಯ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಶೋಗುನ್‌ನ ಮಿತವ್ಯಯದ ನೀತಿಯನ್ನೇ ಉದ್ದಕ್ಕೆ ಝಾಡಿಸಿ ಬರೆದ. ಯೊಶಿಮುನೆ ಅವನ ಎದೆಗಾರಿಕೆಯನ್ನು ಮೆಚ್ಚಿಕೊಂಡ. ಬೈದವನು ಎದುರಿಗೆ ನಿಂತು ಬೈದಿದ್ದರಿಂದ ಅದು ಸಾಧ್ಯವಾಯಿತು ಎಂದು ನನ್ನ ಎಣಿಕೆ. ಎದುರಿಗೆ ನಿಂತವನಿಗೆ ಉತ್ತರ ಕೊಡಬಹುದು, ಬಹುಮಾನ ಕೊಡಬಹುದು, ಕೊನೆಗೆ ಜಗಳವನ್ನಾದರೂ ಆಡಬಹುದು.

ವೆನಿಸ್ ನಗರದ ಗೋಡೆಗಳಲ್ಲಿದ್ದ ಸಿಂಹದ ಬಾಯಿಗಳ ವಿಷಯ ಬಹಳ ಜನ ಬರೆದಿದ್ದಾರೆ, ನಾನು ಉದ್ದ ಮಾಡುವುದಿಲ್ಲ. ಕಲ್ಲಿನ ಮುಖ, ತೆರೆದ ಬಾಯಿ, ಹಿಂದೆ ಬೀಗದ ಪೆಟ್ಟಿಗೆ. ತೆರಿಗೆ ಕದ್ದವರಿಗೊಂದು, ಊರಿನ ಆರೋಗ್ಯ ಕೆಡಿಸುವವರಿಗೊಂದು. ಆದರೆ ಪ್ರವಾಸಿಗರಿಗೆ ಹೇಳುವ ಕಥೆಯಲ್ಲಿ ಬಿಟ್ಟುಹೋಗುವ ಒಂದು ಸಂಗತಿ ಇದೆ. ಸಹಿಯಿಲ್ಲದ ದೂರನ್ನು ಕೈಗೆತ್ತಿಕೊಳ್ಳಬೇಕಾದರೆ ಅಲ್ಲಿಯ 'ಹತ್ತರ ಸಭೆ' ಎಂಬ ಅಧಿಕಾರ ಮಂಡಳಿಯಲ್ಲಿ ಬರೀ ಬಹುಮತ ಸಾಲುತ್ತಿರಲಿಲ್ಲ, ಅದಕ್ಕಿಂತ ಬಹಳ ಹೆಚ್ಚಿನ ಮತ ಬೀಳಬೇಕಿತ್ತು. ಬಾಯಿ ತೆರೆದಿಟ್ಟವರೇ ಗಂಟಲು ಸಣ್ಣ ಮಾಡಿಟ್ಟಿದ್ದರು.

ಇವೆಲ್ಲ ರಾಜರ ಮಟ್ಟದ ಮಾತು. ಮೂಕರ್ಜಿಯನ್ನು ಬಡವರ ಕೈಗೆಟುಕಿಸಿದ್ದು ಅಂಚೆ. ಇಂಗ್ಲೆಂಡಿನಲ್ಲಿ 1840ರ ತನಕ ಕಾಗದದ ಹಣವನ್ನು ಸಾಮಾನ್ಯವಾಗಿ ಪಡೆದವನೇ ತೆರುತ್ತಿದ್ದ. ಬೈಗುಳ ಬಂದರೂ ದುಡ್ಡು ಕೊಟ್ಟೇ ಬಿಡಿಸಿಕೊಳ್ಳಬೇಕು. ನಮ್ಮಲ್ಲಿ 1854ರಲ್ಲಿ ಅರ್ಧಾಣೆಯ ಚೀಟಿ ಬಂತು, 1879ರಲ್ಲಿ ಕಾಲಾಣೆಯ ಕಾರ್ಡು. ಆದರೂ ಹಳೇ ಪದ್ಧತಿಯ ಬಾಲವೊಂದು ಉಳಿದುಕೊಂಡಿತ್ತು. ಚೀಟಿ ಅಂಟಿಸದೆ ಹಾಕಿದರೆ ಬೇರಿಂಗ್ ಆಗಿ, ಪಡೆದವರು ದುಪ್ಪಟ್ಟು ತೆರಬೇಕು. ಬೇಕೆಂದೇ ಬೇರಿಂಗ್ ಮೂಕರ್ಜಿ ಹಾಕುವ ಮಹಾನುಭಾವರು ನಮ್ಮ ಜಿಲ್ಲೆಯಲ್ಲೂ ಇದ್ದರು. ಅದಕ್ಕಿಂತ ಕ್ರೂರವಾದದ್ದು ಕಾರ್ಡು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹದಿನೈದು ಪೈಸೆ. ಲಕೋಟೆಯಲ್ಲಿ ಬಂದದ್ದು ಒಬ್ಬರಿಗೆ ಮಾತ್ರ. ಕಾರ್ಡಿನಲ್ಲಿ ಬಂದದ್ದನ್ನು ಪೋಸ್ಟ್ ಮಾಸ್ಟರು, ಪೋಸ್ಟ್‌ಮ್ಯಾನು, ಕಟ್ಟೆ ಮೇಲೆ ಕೂತು ಊರವರ ಕಾಗದ ಓದಿ ಹೇಳುವ ಹುಡುಗ, ಎಲ್ಲರೂ ಓದಿ ಮುಗಿಸಿದ ಮೇಲೆ ಕೊನೆಯದಾಗಿ ಓದುವವರು ವಿಳಾಸದಾರರು.

ಹೆಸರಿಲ್ಲದ ಕಾಗದ ಒಂದು ಊರನ್ನು ಏನು ಮಾಡಬಲ್ಲದು ಎಂಬುದಕ್ಕೆ ಫ್ರಾನ್ಸಿನ ತ್ಯೂಲ್ ಎಂಬ ಪಟ್ಟಣದ ಕಥೆಗಿಂತ ಬೇರೆ ಬೇಡ. ಅದೂ ನಮ್ಮ ಜಿಲ್ಲಾಧಿಕಾರಿ ಕಚೇರಿಯಂಥ ಕಚೇರಿಯಲ್ಲೇ ಹುಟ್ಟಿದ ಕಥೆ. 1917ರ ಕೊನೆಯಿಂದ ಅಲ್ಲಿ ದೊಡ್ಡಕ್ಷರಗಳಲ್ಲಿ ಬರೆದ ಕಾಗದಗಳು ಶುರುವಾದವು. ಯಾರ ಹೆಂಡತಿ ಎಲ್ಲಿ ಹೋಗುತ್ತಾಳೆ, ಯಾರ ಮಗು ಯಾರದು, ಯಾವ ನೌಕರ ಏನು ನುಂಗಿದ, ಇಂಥವೇ. ಅಂಚೆಯಲ್ಲಿ ಬಂದವು ಕೆಲವು, ಕಿಟಕಿಯ ಅಂಚಿನ ಮೇಲೆ, ಬೀದಿಯಲ್ಲಿ ಸಿಕ್ಕವು ಕೆಲವು. ಒಟ್ಟು ನೂರಕ್ಕೂ ಮೇಲೆ. ಅದೊಂದು ಸಣ್ಣ ಊರು, ಎಲ್ಲರಿಗೂ ಎಲ್ಲರ ಪರಿಚಯ. ಹಾಗಾಗಿ ಕಾಗದದಲ್ಲಿ ಇದ್ದದ್ದಕ್ಕಿಂತ, ಬರೆದವರು ನಮ್ಮ ಜೊತೆಗೇ ಓಡಾಡಿಕೊಂಡಿದ್ದಾರೆ ಎಂಬುದೇ ಜನರನ್ನು ತಿಂದುಹಾಕಿತು. ಕಚೇರಿಯ ಗುಮಾಸ್ತನೊಬ್ಬ ಈ ಕಾಟದಲ್ಲಿ ಬುದ್ಧಿ ಕಳೆದುಕೊಂಡು ಸತ್ತ.

ಕೊನೆಗೆ ಅನುಮಾನ ಬಂದದ್ದು ಅದೇ ಕಚೇರಿಯ ಮಾಜಿ ನೌಕರಳಾದ ಆಂಜೆಲ್ ಲವಾಲ್ ಮೇಲೆ. ಆಕೆ ತನಗೂ ಅಂಥ ಕಾಗದ ಬಂದಿದೆ ಎಂದು ತೋರಿಸಿಕೊಂಡಿದ್ದವಳು. ಮೇಲಧಿಕಾರಿಯೊಬ್ಬನ ಮೇಲೆ ಮನಸ್ಸಿಟ್ಟಿದ್ದಳು, ಅವನು ಬೇರೆಯವಳನ್ನು ಮದುವೆಯಾದ. 1922ರ ಜನವರಿಯಲ್ಲಿ ಲಿಯಾನ್ ನಗರದಿಂದ ಎದ್ಮೊಂ ಲೊಕಾರ್ ಬಂದ. ಪೊಲೀಸರಿಗೆ ಪ್ರಯೋಗಾಲಯ ಎಂಬುದೊಂದು ಬೇಕೆಂದು 1910ರಲ್ಲೇ ತೋರಿಸಿಕೊಟ್ಟವನು. ಅವನು ಮಾಡಿದ್ದು ಇಷ್ಟೇ: ಆಕೆಯನ್ನು ಕೂರಿಸಿ ಉಕ್ತಲೇಖನ ಬರೆಸಿದ. ಆಕೆ ಒಂದೊಂದು ಅಕ್ಷರವನ್ನೂ ಯೋಚಿಸಿ, ತಿದ್ದಿ, ಮೊದಲ ಸಾಲಿಗೇ ನಿಮಿಷಗಟ್ಟಲೆ ತೆಗೆದುಕೊಂಡಳು. ಅವನು ಅವಸರ ಮಾಡದೆ ಹೇಳುತ್ತಲೇ ಹೋದ, ಗಂಟೆಗಟ್ಟಲೆ. ಕೈ ದಣಿದ ಮೇಲೆ ನಿಜವಾದ ಅಕ್ಷರ ತಾನಾಗಿ ಹೊರಬಿತ್ತು. ವಿಚಾರಣೆಯ ನಡುವೆ ತಾಯಿ ಮಗಳು ಕೆರೆಗೆ ಬಿದ್ದರು. ತಾಯಿ ಸತ್ತಳು, ಮಗಳು ಉಳಿದಳು. ಆ ಡಿಸೆಂಬರಿನಲ್ಲಿ ಬಂದ ತೀರ್ಪು: ಒಂದು ತಿಂಗಳ ಸಜೆ, ಅದೂ ಅಮಾನತಿನಲ್ಲಿಟ್ಟ ಸಜೆ, ಜೊತೆಗೆ ದಂಡ. ಇದರಿಂದ ಹುಟ್ಟಿದ್ದು 1943ರಲ್ಲಿ ನಿರ್ದೇಶಕ ಕ್ಲೂಜೋ ಮಾಡಿದ ಸಿನಿಮಾ 'ಲ ಕೊರ್ಬೊ', ಅಂದರೆ ಕಾಗೆ.

ಬರೆದವರು ಸಿಕ್ಕ ಅಪರೂಪದ ಪ್ರಕರಣ ಇದು. ಆದರೂ ಸಿಕ್ಕಿ ಯಾರಿಗೆ ಏನು ಸಮಾಧಾನವಾಯಿತೋ ನನಗೆ ತಿಳಿಯದು. ಸಿಗದೆ ಇದ್ದಾಗಲಂತೂ ಅನುಮಾನಕ್ಕೆ ಒಂದು ಮುಖ ಬೇಕಲ್ಲ, ಅದು ಹತ್ತಿರದಲ್ಲಿ, ಕೆಳಗೆ ಇರುವವರ ಮುಖವನ್ನೇ ಹುಡುಕಿಕೊಳ್ಳುತ್ತದೆ. ಸೀತೆಯ ಕಥೆಯನ್ನೇ ನೋಡಿ. ವಾಲ್ಮೀಕಿಯ ಉತ್ತರಕಾಂಡದಲ್ಲಿ ಭದ್ರ ಎಂಬುವನು ರಾಮನಿಗೆ ಹೇಳುವುದು ಊರ ಮಾತು. ಚೌಕದಲ್ಲಿ, ಅಂಗಡಿ ಬೀದಿಯಲ್ಲಿ ಜನ ಹೀಗೆ ಆಡಿಕೊಳ್ಳುತ್ತಾರೆ ಎಂದು. ಆಡಿದವರಿಗೆ ಹೆಸರಿಲ್ಲ. ಆಮೇಲಿನ ಕಥೆಗಳಲ್ಲಿ, ನಮ್ಮ ಅಜ್ಜಿಯರ ಬಾಯಲ್ಲಿ ಅದು 'ಅಗಸನ ಮಾತು' ಆಯಿತು. ಇಡೀ ಅಯೋಧ್ಯೆ ಆಡಿದ್ದಕ್ಕೆ ಒಬ್ಬ ಅಗಸ ಇವತ್ತಿಗೂ ಹೊಣೆ. ಕಚೇರಿಯಲ್ಲೂ ಅಷ್ಟೆ. ಮೂಕರ್ಜಿ ಬಂತೆಂದರೆ ಮೊದಲ ಗುಮಾನಿ ಹೋದ ವಾರ ಬೈಸಿಕೊಂಡ ಜವಾನನ ಮೇಲೆ. ಅವನಿಗೆ ಓದು ಬರಹ ಬಾರದು ಎಂದು ನೆನಪಿಸಿದರೆ, ಬರೆಸಿರುತ್ತಾನೆ ಬಿಡಿ ಎನ್ನುತ್ತಿದ್ದರು.

ನಮ್ಮ ಸೂಪರಿಂಟೆಂಡೆಂಟರನ್ನು ಎಲ್ಲರೂ ರಾಯರು ಎನ್ನುತ್ತಿದ್ದೆವು. ಮೂಕರ್ಜಿಗೆಂದೇ ಅವರ ಮೇಜಿನಲ್ಲಿ ಒಂದು ನೀಲಿ ಪೆನ್ಸಿಲ್ ಇತ್ತು. ಕಾಗದ ಬಂದಾಗ ಒಂದು ಸಲ ಓದುವುದು, ಓದುತ್ತಾ ಹೋಗಿ ನೋಡಿ ತಿಳಿಯಬಹುದಾದ ಸಂಗತಿಗಳಿಗೆ ಮಾತ್ರ ಅಡಿಗೆರೆ ಎಳೆಯುವುದು. 'ಈ ಹೆಡ್‌ಮೇಷ್ಟ್ರು ನೀಚ, ಇವನ ವಂಶವೇ ಹಾಗೆ' ಎಂಬಲ್ಲಿ ಪೆನ್ಸಿಲ್ ನಿಲ್ಲುತ್ತಿರಲಿಲ್ಲ. 'ಎರಡನೇ ಕೊಠಡಿಯ ಹೆಂಚು ತೆಗೆದು ಮಾರಿದ್ದಾನೆ' ಎಂಬಲ್ಲಿ ನಿಲ್ಲುತ್ತಿತ್ತು. ಹೆಂಚು ಇದೆಯೋ ಇಲ್ಲವೋ ಯಾರು ಬೇಕಾದರೂ ತಲೆ ಎತ್ತಿ ನೋಡಬಹುದು. ಎರಡು ಪುಟದ ಕಾಗದದಲ್ಲಿ ಹೆಚ್ಚೆಂದರೆ ಎರಡು ಗೆರೆ. ಗೆರೆಯೇ ಬೀಳದ ಕಾಗದದ ಮೇಲೆ 'ಕಡತಕ್ಕೆ ಸೇರಿಸಿ' ಎಂದು ಷರಾ.

ಒಮ್ಮೆ ತಮ್ಮ ಮೇಲೆ ಬಂದ ಮೂಕರ್ಜಿಯ ವಿಷಯ ತಿಳಿದು ಹೆಡ್‌ಮೇಷ್ಟ್ರೊಬ್ಬರು ಶಾಲೆಯ ಹಾಜರಿ ಪುಸ್ತಕವನ್ನೇ ಹೊತ್ತು ತಂದರು. ಪ್ರತಿಯೊಬ್ಬ ಸಹಶಿಕ್ಷಕರ ಕೈಬರಹವನ್ನೂ ಕಾಗದದ ಪಕ್ಕ ಇಟ್ಟು ನೋಡಬೇಕಂತೆ. ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುವುದನ್ನು ಬಿಟ್ಟಿದ್ದರು. ತಮ್ಮನ ಮದುವೆಗೆ ಸಹೋದ್ಯೋಗಿಗಳನ್ನು ಕರೆದಿರಲಿಲ್ಲ. ರಾಯರು ಹಾಜರಿ ಪುಸ್ತಕ ಮುಚ್ಚಿ ಅವರ ಕೈಗೇ ಕೊಟ್ಟು, "ಮೇಷ್ಟ್ರೇ, ಇದರಲ್ಲಿರೋ ಏಳು ಜನದಲ್ಲಿ ಬರೆದಿದ್ರೆ ಒಬ್ಬರು ಬರೆದಿರಬಹುದು. ನೀವು ಏಳು ಜನಾನೂ ಕಳಕೊಂಡು ಕೂತಿದೀರಲ್ಲ" ಎಂದರು. ಮೇಷ್ಟ್ರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆದರೆ ಪುಸ್ತಕ ತೆಗೆದುಕೊಂಡು ಹೋದರು.

ನನ್ನ ಮೇಲೂ ಒಂದು ಬಂತು. ಹೆಂಗಸರ ಮೇಲೆ ಬರುವ ಮೂಕರ್ಜಿಯಲ್ಲಿ ಏನಿರುತ್ತದೆಂದು ಹೇಳಬೇಕಾಗಿಲ್ಲ. ತಮಾಷೆ ಎಂದರೆ ಟಪಾಲು ನನ್ನದೇ ಮೇಜು. ನನ್ನ ನಡತೆಯ ಬಗೆಗಿನ ಕಾಗದವನ್ನು ನಾನೇ ಒಡೆದು, ಓದಿ, ಆವಕ ವಹಿಯಲ್ಲಿ ನಂಬರು ಹಾಕಿ, 'ವಿಷಯ' ಎಂಬ ಕಾಲಂ ತುಂಬಬೇಕು. ಕೈ ನಡುಗಿತು. ಹರಿದು ಬುಟ್ಟಿಗೆ ಹಾಕಿದ್ದರೆ ಕೇಳುವವರಿರಲಿಲ್ಲ. ಆದರೆ ಬರೆದವರು ಪ್ರತಿ ಎಲ್ಲೆಲ್ಲಿಗೆ ಕಳಿಸಿದ್ದಾರೋ. 'ಸಿಬ್ಬಂದಿ ವಿರುದ್ಧ ಅನಾಮಧೇಯ ದೂರು' ಎಂದು ಬರೆದು ಮೊಹರು ಒತ್ತಿದೆ. ಅದರ ಮೇಲಿನ ನಂಬರು ಒಂದು ಶಾಲೆಯ ಸುಣ್ಣ ಬಣ್ಣದ ಬಿಲ್ಲಿನದು, ಕೆಳಗಿನದು ಒಬ್ಬರ ಹೆರಿಗೆ ರಜೆ ಅರ್ಜಿಯದು. ರಾಯರು ಪೆನ್ಸಿಲ್ ತೆಗೆಯಲೇ ಇಲ್ಲ. "ಎರಡು ದಿನ ಉಪ್ಪಿನಕಾಯಿ ರುಚಿಸಲ್ಲಮ್ಮ, ಆಮೇಲೆ ಸರಿಹೋಗತ್ತೆ" ಎನ್ನುತ್ತಾ ಷರಾ ಬರೆದರು. ಎರಡು ದಿನಕ್ಕೆ ಸರಿಹೋಗಲಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಯಾರು ನಕ್ಕರೂ ನನಗೇ ನಕ್ಕಂತೆ ಎಷ್ಟೋ ಕಾಲ ಅನ್ನಿಸುತ್ತಿತ್ತು. ಆದರೆ ಸುಣ್ಣದ ಬಿಲ್ಲಿಗೂ ಹೆರಿಗೆ ರಜೆಗೂ ನಡುವೆ ಅದು ಒಂದು ನಂಬರು ಅಷ್ಟೇ ಆಗಿ ಕೂತದ್ದು ನನಗೆ ಹಿಡಿದುಕೊಳ್ಳಲು ಒಂದು ಗಳು ಕೊಟ್ಟಿತು. ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ, "ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗತ್ಯೇ?" ಎಂಬ ಹಳೇ ಗಾದೆಯನ್ನೇ ಹೇಳಿ ಬಡಿಸಿದಳು. ಒಬ್ಬರಿಗಾದರೂ ಹೇಳಿದ್ದರಿಂದ ಹಗುರಾಯಿತು ಎಂಬುದು ಮಾತ್ರ ನಿಜ.

ಹಾಗೆಂದು ಹೆಸರು ಮುಚ್ಚಿಕೊಂಡವರೆಲ್ಲ ಹೇಡಿಗಳು ಎನ್ನಲು ನಾನು ಸಿದ್ಧಳಿಲ್ಲ. ಹೆಂಚು ಮಾರಿದ್ದು ಎಷ್ಟೋ ಸಲ ನಿಜವೇ ಆಗಿರುತ್ತಿತ್ತು, ಹೆಸರು ಹಾಕಿದ್ದರೆ ಬರೆದವನ ಮಗು ಅದೇ ಶಾಲೆಯಲ್ಲಿ ಪಾಸಾಗುತ್ತಿರಲಿಲ್ಲ. ಹೆಸರು ಹಾಕುವ ಅಪಾಯದ ಮಾತು ಬಂದರೆ ಜನರಿಗೆ ನೆನಪಾಗುವುದು ಸತ್ಯೇಂದ್ರ ದುಬೆ. ಕಾನ್ಪುರದ ಐಐಟಿಯಲ್ಲಿ ಓದಿದ ಇಂಜಿನಿಯರು. ಸುವರ್ಣ ಚತುಷ್ಪಥ ಹೆದ್ದಾರಿಯ ಕಾಮಗಾರಿಯ ಅಕ್ರಮಗಳ ಬಗ್ಗೆ 2002ರಲ್ಲಿ ಪ್ರಧಾನಿ ಕಚೇರಿಗೆ ಬರೆದರು, ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. ಕಾಗದ ಹೆಸರಿನ ಸಮೇತ ಮೇಜಿನಿಂದ ಮೇಜಿಗೆ ಓಡಾಡಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಗುಂಡೇಟಿಗೆ ಬಲಿಯಾದರು. ಅದಾದ ಮೇಲೆ 2004ರಲ್ಲಿ ಕೇಂದ್ರ ಸರ್ಕಾರ ನಿರ್ಣಯ ಹೊರಡಿಸಿತು. ದೂರುದಾರರ ಹೆಸರು ಇರಲೇಬೇಕು, ಆದರೆ ಅದು ಕೇಂದ್ರ ಜಾಗೃತ ಆಯೋಗದಿಂದ ಹೊರಗೆ ಹೋಗಬಾರದು. ಹೆಸರಿದ್ದೂ ಇಲ್ಲದ ಹಾಗೆ. ನಾನು ಓದಿದ ಎಲ್ಲ ಪೆಟ್ಟಿಗೆಗಳಿಗಿಂತ ಇದು ಒಳ್ಳೆಯ ಉಪಾಯ, ಬೀಗ ಭದ್ರವಾಗಿದ್ದರೆ.

ಬರೀ ಮೂಕರ್ಜಿಯ ವಿಷಯದಲ್ಲಿ ಇದೇ ಆಯೋಗದ ಮನಸ್ಸು ಓಲಾಡಿದ್ದೂ ಉಂಟು. ಎನ್. ವಿಠಲ್ ಮುಖ್ಯಸ್ಥರಾಗಿದ್ದಾಗ 1999ರ ಜೂನಿನಲ್ಲಿ, ಯಾವ ಕ್ರಮವೂ ಬೇಡ, ಕಡತಕ್ಕೆ ಸೇರಿಸಿ ಎಂದರು. 2002ರಲ್ಲಿ, ಪರಿಶೀಲಿಸಬಹುದಾದ ಸಂಗತಿ ಇದ್ದರೆ ಆಯೋಗದ ಒಪ್ಪಿಗೆ ಪಡೆದು ನೋಡಬಹುದು ಎಂದು ಸಡಿಲಿಸಲಾಯಿತು. 2014ರ ನವೆಂಬರಿನಲ್ಲಿ ಆ ಸಡಿಲಿಕೆ ವಾಪಸು. ಎರಡನೆಯದು ನಮ್ಮ ರಾಯರ ನೀಲಿ ಪೆನ್ಸಿಲ್, ಉಳಿದೆರಡು ಟ್ರಾಜನ್. ನಮ್ಮ ಲೋಕಾಯುಕ್ತರಲ್ಲಿ ದೂರು ಕೊಡಬೇಕಾದರಂತೂ ನಮೂನೆ ತುಂಬಿ, ಪ್ರಮಾಣಪತ್ರವನ್ನೂ ಲಗತ್ತಿಸಬೇಕು.

ತಂಗಿಯ ಮಗಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಾಳೆ. ಸೆಮಿಸ್ಟರ್ ಮುಗಿದಾಗ ಅಲ್ಲಿ ಹುಡುಗರು ಹೆಸರು ಬರೆಯದೆ ಮೇಡಂ ಪಾಠ ಹೇಗಿತ್ತು ಎಂದು ಬರೆದುಕೊಡುವ ಪದ್ಧತಿ ಇದೆ. ಹೋದ ಸಲ ಆ ಹಾಳೆಗಳನ್ನು ಹಿಡಿದು ಅಳುಮೋರೆ ಹಾಕಿಕೊಂಡು ನಮ್ಮ ಮನೆಗೆ ಬಂದಳು. ಒಂದರಲ್ಲಿ ಅವಳ ಸೀರೆಯ ಬಗ್ಗೆ, ಒಂದರಲ್ಲಿ ದನಿಯ ಬಗ್ಗೆ. ಕೊನೆ ಬೆಂಚಿನ ಇಂಥವನೇ ಬರೆದಿರಬೇಕು ದೊಡ್ಡಮ್ಮ, ಅವನ 'ರ'ಕಾರ ನನಗೆ ಗೊತ್ತು ಎಂದು ಶುರು ಮಾಡಿದಳು. ನೀಲಿ ಪೆನ್ಸಿಲ್ ಸಿಗಲಿಲ್ಲ, ಮೊಮ್ಮಗನ ಬಣ್ಣದ ಡಬ್ಬಿಯಿಂದ ಹಸಿರು ತೆಗೆದು ಕೈಗೆ ಕೊಟ್ಟೆ. ಸೀರೆಗೆ ಗೆರೆ ಬೀಳಲಿಲ್ಲ. ದನಿಗೆ ಎಳೆಯಹೋಗಿ ಬಿಟ್ಟಳು. ಎಲ್ಲ ಮುಗಿದ ಮೇಲೆ ಗೆರೆ ಉಳಿದದ್ದು ಒಂದೇ ಸಾಲಿನ ಕೆಳಗೆ: ಮೇಡಂ ನಾವು ಬರಕೊಳ್ಳೋ ಮುಂಚೆ ಬೋರ್ಡು ಒರೆಸ್ತಾರೆ.

"ಅದೊಂದು ನಿಜ ದೊಡ್ಡಮ್ಮ" ಎಂದು ಕಾಫಿ ಕೇಳಿದಳು.